ಅಜ್ಜಿಯ ಬಸಿರಲ್ಲಿ ಬಿದ್ದ ಗಂಟು

ಬಳ್ಳಾರಿಯ ತಾಯಿ ಕನಕದುರ್ಗಮ್ಮ, ನಿನ್ನ ಮುಂದೆ ಇದೊಂದು ನಿವೇದನೆ.

ನನ್ನಜ್ಜಿ ಸಿರುಗುಪ್ಪದವಳು, ತಾತ ಕುರುಗೋಡಿನವನು. ಅವ್ವನನ್ನು ಹೊಟ್ಟೆಯಲ್ಲಿಟ್ಟುಕೊಂಡು ಅಜ್ಜಿ ಭತ್ತದ ಗದ್ದೆಯಲ್ಲಿ ನಾಟಿಗೆ ಬಗ್ಗುತ್ತಿದ್ದ ದಿನಗಳಲ್ಲೇ, ಇನ್ನೂ ಹುಟ್ಟದ ಆ ಹೆಣ್ಣುಕೂಸಿನ ಅಂಡಾಶಯದಲ್ಲಿ ನನ್ನ ಅರ್ಧ ತಯಾರಾಗತೊಡಗಿತ್ತು. ಯಾರ ಕಣ್ಣಿಗೂ ಬೀಳದ ಆ ಕೆಲಸಕ್ಕೆ ಕೈಮುಗಿಯುತ್ತೇನೆ.

ಒಂದೊಂದು ಎಳೆಯ ಅಂಡಕೋಶದಲ್ಲೂ 46 ವರ್ಣತಂತುಗಳು. 23 ಅಜ್ಜಿ ಕೊಟ್ಟವು, 23 ತಾತ ಕೊಟ್ಟವು. ಪ್ರತಿಯೊಂದೂ ತನ್ನ ಜೊತೆಗಾರನನ್ನೇ ಹುಡುಕಿಕೊಳ್ಳಬೇಕು. ಹುಡುಕುವುದು ಹೇಗೆ ತಾಯಿ? ಮೊದಲು ಕಡಿತ. ಸ್ಪೋ11 ಎಂಬ ಪ್ರೋಟೀನು ಡಿಎನ್‌ಎಯ ಎರಡೂ ಎಳೆಗಳನ್ನು ನೂರಾರು ಕಡೆ ಕತ್ತರಿಸುತ್ತದೆ. ಕಡಿದ ತುದಿ ತನ್ನಂಥದೇ ಬರಹವನ್ನು ಅರಸುತ್ತ ಹೋಗಿ ಜೊತೆಗಾರನನ್ನು ಮುಟ್ಟುತ್ತದೆ. ಆಮೇಲೆ ನಮ್ಮೂರ ಜೀನ್ಸಿನ ಜಿಪ್ಪು ಹಲ್ಲಿಗೆ ಹಲ್ಲು ಕೂಡಿಕೊಳ್ಳುವ ಹಾಗೆ, ಪ್ರೋಟೀನುಗಳ ಸಾಲೊಂದು ಎರಡು ತಂತುಗಳನ್ನು ಉದ್ದಕ್ಕೂ ಬೆಸೆಯುತ್ತದೆ. 1956ರಲ್ಲಿ ಮಾಂಟ್ರೋಸ್ ಮೋಸೆಸ್, ಡಾನ್ ಫಾಸೆಟ್ ಇಬ್ಬರೂ ಬೇರೆಬೇರೆಯಾಗಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಈ ಬೆಸುಗೆಯನ್ನು ಕಂಡರು. ಜೀವ ತನ್ನ ಬರಹವನ್ನು ತಾನೇ, ಬೇಕೆಂದೇ ಕಡಿದುಕೊಳ್ಳುತ್ತದೆ. ಕಡಿದುಕೊಂಡೇ ತನ್ನವರನ್ನು ಗುರುತಿಸುತ್ತದೆ. ಇದಕ್ಕಿಂತ ದೊಡ್ಡ ಪವಾಡವನ್ನು ನಾನು ಕೇಳಿಲ್ಲ.

ಹೆಚ್ಚಿನ ಗಾಯಗಳು ಹಾಗೆಯೇ ಮಾಯುತ್ತವೆ. ಕೆಲವು ಕಡೆ ಮಾತ್ರ ತಾತನ ತುಂಡು ಅಜ್ಜಿಯ ತಂತುವಿಗೆ, ಅಜ್ಜಿಯ ತುಂಡು ತಾತನ ತಂತುವಿಗೆ ದಾಟುತ್ತದೆ. ಕುರುಗೋಡು, ಸಿರುಗುಪ್ಪ ಒಂದೇ ಎಳೆಯಲ್ಲಿ ಕೂಡಿದ್ದು ಅಲ್ಲಿ. 1963-64ರಲ್ಲಿ ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಗುಡ್ಡಗಳಲ್ಲಿ ಅಗೆದಾಗ ನೆಲೆ ಸಿಕ್ಕ ನವಶಿಲಾಯುಗದ ತಾಯಂದಿರ ಒಡಲಲ್ಲೂ ಎಳೆಗಳು ಹೀಗೆಯೇ ಕೂಡಿದ್ದವು.

ದಾಟಿದ ಜಾಗವೇ ಗಂಟಾಗಿ, ಬೇರೆಯಾಗುವ ಹೊತ್ತು ಬರುವ ತನಕ ಜೋಡಿಯನ್ನು ಹಿಡಿದಿಡುತ್ತದೆ. ಆ ಹೊತ್ತೋ, ಬಹಳ ದೂರ. ಅವ್ವ ಹುಟ್ಟುವ ಮೊದಲೇ ಕೆಲಸ ಅರ್ಧಕ್ಕೆ ನಿಂತಿತು. ಅವಳು ಬೆಳೆದು, ಮೈನೆರೆದು, ಮದುವೆಯಾಗಿ, ಆ ಒಂದು ಅಂಡದ ಸರದಿ ಬಂದ ತಿಂಗಳಲ್ಲಿ ಮತ್ತೆ ಸಾಗಿತು. ಅಷ್ಟು ವರ್ಷ ಹಿಡಿದಿಟ್ಟ ಪ್ರೋಟೀನುಗಳು ಕ್ರಮೇಣ ಸವೆಯುತ್ತವೆ. ಗಂಟು ಸಡಿಲಿದರೆ, ಇಲ್ಲವೇ ಮೊದಲೇ ಬೀಳದಿದ್ದರೆ, ಎರಡು ತಂತುಗಳೂ ಒಂದೇ ಕಡೆಗೆ ಸರಿಯಬಹುದು. ಹಾಗೆ ಬಂದ ಎರಡಕ್ಕೆ ಅಪ್ಪನದೊಂದು ಸೇರಿ 21ನೆಯ ತಂತು ಮೂರಾದರೆ ಡೌನ್ ಸಿಂಡ್ರೋಮ್. 1959ರಲ್ಲಿ ಪ್ಯಾರಿಸ್ಸಿನಲ್ಲಿ ಜೆರೋಮ್ ಲೆಜೂನ್ ಮತ್ತು ಸಂಗಡಿಗರು ಆ ಮೂರನೆಯದನ್ನು ತೋರಿಸಿದರು. ಮೂವತ್ತೈದು ದಾಟಿದ ಬಸುರಿಯರಲ್ಲಿ ಇದರ ಸಂಭವ ಹೆಚ್ಚು, ಆದರೆ ಇಪ್ಪತ್ತರ ಹುಡುಗಿಯ ಮಡಿಲಿಗೂ ಅಂಥ ಕೂಸು ಬರುತ್ತದೆ.

ಅಮ್ಮಾ, ನನ್ನ ಬೇಡಿಕೆ ಇರುವುದು ಇಲ್ಲಿ. ಗ್ರಹಣದ ಹೊತ್ತು ಹೊರಗೆ ಬಂದಳು, ತಿನ್ನಬಾರದ್ದನ್ನು ತಿಂದಳು, ಹಿಂದಿನ ಜನ್ಮದ ಪಾಪ ಎಂದು ಬಾಣಂತಿಯ ಮುಂದೆ ಆಡುವ ನಾಲಗೆಗಳನ್ನು ತಡೆ. ಹೆತ್ತವಳು ತಾನೇ ಹುಟ್ಟುವ ಮೊದಲು ಬಿದ್ದ ಗಂಟಿಗೆ ಅವಳು ಹೇಗೆ ಹೊಣೆ? ಅತ್ತೆಗೂ ಇದನ್ನು ತಿಳಿಸು, ಗಂಡನಿಗೂ ತಿಳಿಸು. ಅವಳ ಮನಸ್ಸಿಗಂತೂ ಎಲ್ಲರಿಗಿಂತ ಮೊದಲು ತಿಳಿಸು.

ಇನ್ನೊಂದು ಮಾತು. ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ಮನೆಗಳನ್ನೂ ನೋಡಿಕೋ. ಎರಡೂ ಕಡೆಯಿಂದ ಒಂದೇ ಹಿರಿಯರ ತುಂಡು ಬಂದರೆ ಎಷ್ಟು ಅದಲುಬದಲಾದರೂ ಹೊಸದೇನೂ ಸೇರದು. ಅಂಥ ಮದುವೆಯ ಮಗುವಿನಲ್ಲಿ ಯಾವುದೇ ಜೀನಿನ ಎರಡೂ ಪ್ರತಿಗಳು ಹೀಗೆ ಒಂದೇ ಆಗುವ ಸಂಭವ ಎಂಟರಲ್ಲೊಂದು. ಸಂಬಂಧ ಕುದುರಿಸುವ ಮುಂಚೆ ವೈದ್ಯರನ್ನು ಕೇಳುವ ಧೈರ್ಯ ಹಿರಿಯರಿಗೆ ಕೊಡು.

21ನೆಯ ತಂತು ಮೂರಿರುವ ಕೂಸುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಹಳ್ಳಿಯಲ್ಲಿ ಹುಟ್ಟಿದ್ದಕ್ಕೆ ಯಾವ ಕೂಸಿಗೂ ತಡವಾಗದಿರಲಿ ತಾಯಿ. ತೊಟ್ಟಿಲ ಶಾಸ್ತ್ರ ಬೇಕಾದರೆ ನಾಲ್ಕು ದಿನ ಮುಂದೆ ಹೋಗಲಿ, ಎದೆಯ ಎಕೋ ಪರೀಕ್ಷೆ ಮೊದಲು ಆಗಲಿ.