ಪ್ರಹಾರಕನೂ ಉಪಕಾರಕನೂ

ಅನೇಕರು ಕೂಡಿ ಸಾಧಿಸಬೇಕಾದ ಕಾರ್ಯದಲ್ಲಿ ತಾನೇ ಮುಂದೆ ನಿಂತು ಹೊಡೆಯುವವನು ಹೆಚ್ಚಿನವನೋ, ಹೊಡೆಯುವವರ ತೋಳಿಗೆ ಬಲವನ್ನು ತುಂಬುವವನು ಹೆಚ್ಚಿನವನೋ ಎಂಬ ಪ್ರಶ್ನೆಯು ಹೊಸದಲ್ಲ. ಸೈನ್ಯದಲ್ಲಿಯೂ, ಯಜ್ಞಶಾಲೆಯಲ್ಲಿಯೂ, ಮದುವೆಯ ಮನೆಯ ಅಡಿಗೆಯ ಚಪ್ಪರದಲ್ಲಿಯೂ ಅದು ಹುಟ್ಟುತ್ತಲೇ ಬಂದಿದೆ. ಆದರೆ ಅಲ್ಲೆಲ್ಲ ಒಬ್ಬೊಬ್ಬನ ಪಾಲೆಷ್ಟೆಂದು ತೂಗಿ ಹೇಳುವ ತಕ್ಕಡಿಯಿರಲಿಲ್ಲ. ಹೊಗಳುವವನ ಬಾಯೇ ತಕ್ಕಡಿಯಾಗಿತ್ತು. ಈ ಕಾಲದಲ್ಲಿ ಅಂತರ್ಜಾಲದ ಮೂಲಕ ದೇಶದೇಶಗಳ ಜನರು ಒಟ್ಟುಗೂಡಿ ಆಡುವ ಪಾತ್ರಧಾರಣೆಯ ಆಟಗಳಲ್ಲಿ ಅದೇ ಪ್ರಶ್ನೆಯು ಅಂಕೆಗಳ ಸಮೇತವಾಗಿ ಎದ್ದು ನಿಂತಿದೆ. ಆಟದ ಮಾತನ್ನು ಧರ್ಮವಿಚಾರಕ್ಕೆ ತರುವುದು ಗೌರವಕ್ಕೆ ಕುಂದೆಂದು ಕೆಲವರಿಗೆ ತೋರಬಹುದು. ದ್ರೌಪದಿಯು ಕುರುಸಭೆಯನ್ನು ನಿರುತ್ತರಗೊಳಿಸಿದ ಧರ್ಮಪ್ರಶ್ನೆಯು ಹುಟ್ಟಿದ್ದೂ ಒಂದು ಆಟದ ಹಾಸಿನ ಮೇಲೆಯೇ ಎಂಬುದನ್ನು ಅಂತಹವರು ನೆನೆಯಬೇಕು.

ದೃಷ್ಟಾಂತಕ್ಕಾಗಿ ‘ದಿ ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್’ ಎಂಬ ಆಟವನ್ನು ತೆಗೆದುಕೊಳ್ಳಬಹುದು. ಅಮೆರಿಕದ ಮೇರಿಲ್ಯಾಂಡ್ ಪ್ರಾಂತದ ಒಂದು ಸಂಸ್ಥೆಯು ಇದನ್ನು ರಚಿಸಿ 2014ರಲ್ಲಿ ಹೊರತಂದಿತು. ಇದರಲ್ಲಿ ನಾಲ್ವರು ಕೂಡಿ ಹೊಗುವ ನೆಲಮಾಳಿಗೆಗಳಿಗೆ ಡಂಜನ್ ಎಂದೂ, 12 ಮಂದಿ ಕೂಡಿ ಎದುರಿಸುವ ಮಹಾಯುದ್ಧಗಳಿಗೆ ಟ್ರಯಲ್ ಎಂದೂ ಹೆಸರು. ಟ್ರಯಲ್‌ಗೆ ಹೊರಡುವ ತಂಡದಲ್ಲಿ ವಾಡಿಕೆಯಂತೆ ಇಬ್ಬರು ಶತ್ರುವಿನ ಪೆಟ್ಟನ್ನು ತಮ್ಮ ಮೇಲೆಯೇ ಎಳೆದುಕೊಳ್ಳುವ ಟ್ಯಾಂಕುಗಳು, ಇಬ್ಬರು ಗಾಯವನ್ನು ಮಾಯಿಸುವ ಹೀಲರುಗಳು, ಉಳಿದ ಎಂಟು ಮಂದಿ ಪ್ರಹಾರಕರು. ಡಂಜನ್‌ನಲ್ಲಾದರೆ ಒಬ್ಬ ಟ್ಯಾಂಕು, ಒಬ್ಬ ಹೀಲರು, ಇಬ್ಬರು ಪ್ರಹಾರಕರು.

ಆಟಗಾರನು ಧರಿಸುವ ಸನ್ನಾಹದ ಲೆಕ್ಕವು ಹೀಗಿದೆ. ಕವಚಕ್ಕೆ ಏಳು ಸ್ಥಾನಗಳು. ಒಂದು ಕಂಠಹಾರ, ಎರಡು ಉಂಗುರಗಳು. ಕೈಗಳೆರಡರ ಆಯುಧವು ಎರಡು: ಒಟ್ಟಿಗೆ 12. ಒಂದೇ ಹೆಸರಿನ ಸೆಟ್ಟಿಗೆ ಸೇರಿದ ಐದು ವಸ್ತುಗಳು ಮೈಮೇಲೆ ಬಿದ್ದಾಗ ಆ ಸೆಟ್ಟಿನ ಮುಖ್ಯಗುಣವು ಪ್ರಕಟವಾಗುವುದೆಂಬುದು ಸಾಮಾನ್ಯ ನಿಯಮ. ಆದುದರಿಂದ ಒಬ್ಬನ ದೇಹದಲ್ಲಿ ಎರಡು ಪೂರ್ಣ ಸೆಟ್ಟುಗಳಿಗೂ, ತಲೆ ಮತ್ತು ಹೆಗಲುಗಳ ಒಂದು ಸಣ್ಣ ಜೋಡಿಗೂ ಎಡೆಯುಂಟು. ಅದಕ್ಕಿಂತ ಹೆಚ್ಚಿಗೆ ಇಲ್ಲ. ಎಲ್ಲ ಕಲಹವೂ ಹುಟ್ಟುವುದು ಈ ಎಡೆಯ ಕೊರತೆಯಿಂದಲೇ. ಕೆಲವು ಸೆಟ್ಟುಗಳು ಧರಿಸಿದವನ ಹೊಡೆತವನ್ನು ಮಾತ್ರ ಹೆಚ್ಚಿಸುತ್ತವೆ. ಬೇರೆ ಕೆಲವು ಸುತ್ತಲಿನ ಸಂಗಾತಿಗಳಿಗೆ ಬಲವನ್ನು ಕೊಟ್ಟು, ಧರಿಸಿದವನನ್ನು ಬಹುಮಟ್ಟಿಗೆ ಇದ್ದಂತೆಯೇ ಬಿಡುತ್ತವೆ. ‘ಸ್ಪೆಲ್ ಪವರ್ ಕ್ಯೂರ್’ ಎಂಬುದು ಹೀಲರುಗಳ ಸೆಟ್ಟು. ಇದರ ಸ್ವಭಾವವು ವಿನೋದಕರವಾಗಿದೆ: ಆರೋಗ್ಯವು ಪೂರ್ಣವಾಗಿರುವವನಿಗೆ ಮದ್ದೆರೆದಾಗ, ವ್ಯರ್ಥವಾಗಿ ಚೆಲ್ಲಿಹೋಗಬೇಕಾದ ಆ ಹೆಚ್ಚಿನ ಮದ್ದೇ ಅವನ ಆಯುಧಬಲಕ್ಕೆ 430 ಅಂಕಗಳನ್ನು ಕೂಡಿಸುತ್ತದೆ. ‘ವಾರ್ ಮಷಿನ್’ ಎಂಬುದು ಪ್ರಹಾರಕರದು. ಅದನ್ನು ಧರಿಸಿದವನು ಕೂಡಿಟ್ಟ ಮಹಾಶಕ್ತಿಯನ್ನು ಪ್ರಯೋಗಿಸಿದಾಗ, ಅವನೂ ಅವನ ಸಂಗಾತಿಗಳೂ ಕೊಂಚ ಕಾಲ ನೂರಕ್ಕೆ ಹತ್ತರಷ್ಟು ಹೆಚ್ಚಾಗಿ ಹೊಡೆಯುವರು.

ಇಲ್ಲಿ ಮೊದಲಿಗೆ ಏಳುವ ಪೂರ್ವಪಕ್ಷವು ಸುಲಭವಾದದ್ದು. ಸ್ವಂತ ಹೊಡೆತವನ್ನು ಹೆಚ್ಚಿಸುವ ಸೆಟ್ಟು ಸ್ವಾರ್ಥ, ಇತರರಿಗೆ ಬಲವನ್ನು ಕೊಡುವ ಸೆಟ್ಟು ಪರಾರ್ಥ. ಆದುದರಿಂದ ಸಜ್ಜನನಾದವನು ಎರಡನೆಯದನ್ನೇ ಧರಿಸತಕ್ಕದ್ದು, ಎಂದು. ಈ ಮಾತು ಕಿವಿಗೆ ಇಂಪಾದರೂ ವಿಚಾರಕ್ಕೆ ನಿಲ್ಲದು. ಶತ್ರುವು ಬೇಗನೆ ಬಿದ್ದಷ್ಟೂ ಟ್ಯಾಂಕಿನ ಮೇಲೆ ಬೀಳುವ ಪೆಟ್ಟು ಕಡಮೆ, ಹೀಲರಿನ ಶ್ರಮ ಕಡಮೆ. ಪ್ರಹಾರಕನ ಹೊಡೆತವೂ ತಂಡದ ರಕ್ಷಣೆಯೇ. ಅತ್ತಲಾಗಿ, ತನ್ನನ್ನು ಎಲ್ಲರೂ ತ್ಯಾಗಿಯೆಂದು ಕರೆಯಲೆಂದು ಅನಾವಶ್ಯಕವಾದ ಉಪಕಾರದ ಸೆಟ್ಟನ್ನು ತೊಟ್ಟು ಬರುವವನೂ ಉಂಟು. ಅವನದು ಪರಾರ್ಥದ ವೇಷವನ್ನು ಹಾಕಿದ ಸ್ವಾರ್ಥ. ಉಡುಪಿನಿಂದ ಮನಸ್ಸನ್ನು ಅಳೆಯುವುದು ಲೋಕದಲ್ಲಿ ಹೇಗೆ ಕೂಡದೋ ಆಟದಲ್ಲಿಯೂ ಹಾಗೆಯೇ ಕೂಡದು.

ಹಾಗಾದರೆ ನಿರ್ಣಯವು ಹೇಗೆ? ಲೆಕ್ಕವನ್ನೇ ಕೇಳಬೇಕು. ಒಬ್ಬೊಬ್ಬ ಪ್ರಹಾರಕನ ಹೊಡೆತವು 100 ಎಂದೂ, ತನ್ನ ಒಳ್ಳೆಯ ಸೆಟ್ಟೊಂದನ್ನು ಬಿಟ್ಟು ‘ವಾರ್ ಮಷಿನ್’ ತೊಟ್ಟವನಿಗೆ 15 ನಷ್ಟವೆಂದೂ, ಅದರ ಪ್ರಭಾವವು ಯುದ್ಧದ ಅರ್ಧಕಾಲ ಮಾತ್ರ ಇರುವುದೆಂದೂ ಇಟ್ಟುಕೊಳ್ಳೋಣ. ಟ್ರಯಲ್‌ನಲ್ಲಿ ಉಳಿದ ಏಳು ಪ್ರಹಾರಕರಿಗೆ ತಲಾ 5ರಂತೆ 35 ಲಾಭ. ಕೊಟ್ಟದ್ದು 15, ಬಂದದ್ದು 35. ಅದೇ ಮನುಷ್ಯನು ಅದೇ ಸೆಟ್ಟಿನೊಡನೆ ಡಂಜನ್‌ಗೆ ಹೋದರೆ, ಅಲ್ಲಿರುವ ಇನ್ನೊಬ್ಬ ಪ್ರಹಾರಕನಿಗೆ ಸಿಕ್ಕುವುದು 5; ತನಗೆ ಮರಳಿ ಬರುವ 5ನ್ನು ಕೂಡಿಸಿದರೂ 10. ಕೊಟ್ಟದ್ದಕ್ಕಿಂತ ಬಂದದ್ದು ಕಡಮೆ. ಒಂದೆಡೆ ಉದಾರವಾದ ಅದೇ ಕ್ರಿಯೆಯು ಇನ್ನೊಂದೆಡೆ ತಂಡದ ಸೊತ್ತನ್ನು ಪೋಲು ಮಾಡಿದಂತಾಯಿತು. ಇನ್ನೊಂದು ವಿಶೇಷವುಂಟು. ಒಂದೇ ಹೆಸರಿನ ಬಲವು ಇಬ್ಬರಿಂದ ಏಕಕಾಲದಲ್ಲಿ ಬಂದರೆ ಇಮ್ಮಡಿಯಾಗುವುದಿಲ್ಲ. ಇಬ್ಬರು ‘ವಾರ್ ಮಷಿನ್’ ಧಾರಿಗಳು ಮಾತನಾಡಿಕೊಂಡು ಸರದಿಯಂತೆ ಪ್ರಯೋಗಿಸಿದರೆ ಕಾಲವ್ಯಾಪ್ತಿಯು ಹೆಚ್ಚೀತು; ಮಾತಿಲ್ಲದೆ ಒಟ್ಟಿಗೆ ಪ್ರಯೋಗಿಸಿದರೆ ಎರಡನೆಯವನ ತ್ಯಾಗವು ಹೊಳೆಯಲ್ಲಿ ಹುಣಿಸೆಯ ಹಣ್ಣನ್ನು ಕಿವುಚಿದಂತೆಯೇ ಸರಿ.

ಮೀಮಾಂಸಾಶಾಸ್ತ್ರವನ್ನು ಓದಿದವರಿಗೆ ಇದು ಪರಿಚಿತವಾದ ನೆಲ. ಜೈಮಿನಿಯ ಹನ್ನೊಂದನೆಯ ಅಧ್ಯಾಯದಲ್ಲಿ ತಂತ್ರವೆಂಬ ವಿಚಾರವು ಬರುತ್ತದೆ: ಒಂದು ಅಂಗವನ್ನು ಒಮ್ಮೆ ಅನುಷ್ಠಿಸಿದರೆ ಅನೇಕ ಪ್ರಧಾನಗಳಿಗೆ ಉಪಕಾರವಾಗುವುದಾದರೆ, ಅದನ್ನು ಪ್ರತಿಯೊಂದಕ್ಕೂ ಬೇರೆಬೇರೆಯಾಗಿ ಆವರ್ತಿಸಬೇಕಾಗಿಲ್ಲ. ಪಂಕ್ತಿಯ ನಡುವೆ ಇಟ್ಟ ಒಂದು ದೀಪವು ಉಣ್ಣುವವರೆಲ್ಲರ ಎಲೆಗೂ ಬೆಳಕನ್ನು ಕೊಡುತ್ತದೆ. ಎರಡನೆಯ ದೀಪವನ್ನು ಅದರ ಪಕ್ಕದಲ್ಲಿಯೇ ಇಟ್ಟರೆ ಎಣ್ಣೆಯು ಮಾತ್ರ ವೆಚ್ಚ. ಹಾಗೆಯೇ ಉಣ್ಣುವವನು ಒಬ್ಬನೇ ಆದಾಗ ಹತ್ತು ಮಂದಿಗೆ ಸಾಲುವ ದೀಪವನ್ನು ಹೊತ್ತಿಸುವುದೂ ವಿವೇಕವಲ್ಲ. ಉಪಕಾರಕ್ಕೆ ಪಾತ್ರವಾಗುವವರ ಸಂಖ್ಯೆಯನ್ನು ನೋಡಿಯೇ ಅಂಗದ ಔಚಿತ್ಯವನ್ನು ನಿಶ್ಚಯಿಸಬೇಕೆಂಬುದು ಇದರಿಂದ ಸಿದ್ಧವಾಗುವುದು.

ಇದಿಷ್ಟೂ ಕಾರ್ಯಸಿದ್ಧಿಯ ಮಾತಾಯಿತು. ಇನ್ನು ಕೀರ್ತಿಯ ಮಾತಿದೆ. ನಿಜವಾದ ನೋವಿರುವುದು ಅಲ್ಲಿ. ಇಂತಹ ಆಟಗಳಲ್ಲಿ ಯಾರ ಹೊಡೆತವೆಷ್ಟು ಎಂಬುದನ್ನು ಸಾಲಾಗಿ ತೋರಿಸುವ ಮಾಪಕಗಳನ್ನು ಆಟಗಾರರು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ಮಾಪಕಕ್ಕೆ ಕಾಣುವುದು ಹೊಡೆದ ಕೈ ಮಾತ್ರ, ಆ ಕೈಗೆ ಬಲವು ಎಲ್ಲಿಂದ ಬಂದಿತೆಂಬುದಲ್ಲ. ಮೇಲಿನ ಲೆಕ್ಕದಲ್ಲಿ ತಂಡಕ್ಕೆ 35ನ್ನು ತಂದುಕೊಟ್ಟವನು ಪಟ್ಟಿಯ ಕೊನೆಗೆ ಇಳಿಯುತ್ತಾನೆ. ಅವನಿಂದ 5ನ್ನು ಪಡೆದವನು ಅವನ ಮೇಲೆ ಕುಳಿತುಕೊಳ್ಳುತ್ತಾನೆ. ಪರಸ್ಪರ ಗುರುತಿಲ್ಲದವರು ಕೂಡಿದ ತಂಡದಲ್ಲಿ ಪಟ್ಟಿಯ ಕೊನೆಯವನನ್ನು ಅಸಮರ್ಥನೆಂದು ಹೊರಗೆ ಹಾಕುವುದೂ ಉಂಟು. ಅರ್ಜುನನ ರಥಚಕ್ರಗಳನ್ನು ಕಾಯುತ್ತಿದ್ದ ಪಾಂಚಾಲ ಕುಮಾರರಾದ ಯುಧಾಮನ್ಯುವನ್ನೂ ಉತ್ತಮೌಜನನ್ನೂ ಕಥೆ ಕೇಳುವವರಲ್ಲಿ ಎಷ್ಟು ಮಂದಿ ನೆನೆಯುತ್ತಾರೆ? ಗಾಂಡೀವದ ಟಂಕಾರವು ಎಲ್ಲರಿಗೂ ಕೇಳಿಸಿತು. ಚಕ್ರದ ಪಕ್ಕದಲ್ಲಿ ನಿಂತು ತಡೆದ ಬಾಣಗಳಿಗೆ ಸದ್ದಿಲ್ಲ. ಕಡೆಗೆ ಅಶ್ವತ್ಥಾಮನ ಇರುಳಿನ ಕೊಲೆಯಲ್ಲಿ ಅವರಿಬ್ಬರೂ ಮಡಿದರು.

ಈ ಅನ್ಯಾಯವನ್ನು ತಿದ್ದುವ ಪ್ರಯತ್ನವೊಂದು ಇನ್ನೊಂದು ಆಟದಲ್ಲಿ ನಡೆಯಿತು. 2004ರಲ್ಲಿ ಹೊರಟ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟಕ್ಕೆ 2023ರ ಜುಲೈ ತಿಂಗಳಿನಲ್ಲಿ ‘ಆಗ್ಮೆಂಟೇಶನ್ ಇವೋಕರ್’ ಎಂಬ ಹೊಸ ಬಗೆಯ ಯೋಧನನ್ನು ಸೇರಿಸಿದರು. ತಾನು ಹೊಡೆಯುವುದಕ್ಕಿಂತ ಹೆಚ್ಚಾಗಿ ಸಂಗಾತಿಗಳ ಹೊಡೆತವನ್ನು ಬೆಳೆಯಿಸುವುದೇ ಅವನ ವೃತ್ತಿ. ಹಳೆಯ ಮಾಪಕಗಳಲ್ಲಿ ಅವನು ಏನೂ ಮಾಡದೆ ನಿಂತವನಂತೆ ಕಂಡನು. ಗೆಲ್ಲುವ ತಂಡಗಳು ಮಾತ್ರ ಅವನನ್ನೇ ಹುಡುಕುತ್ತಿದ್ದವು. ಅನಂತರ, ಇತರರ ಹೊಡೆತದಲ್ಲಿ ಅವನಿಂದ ಬಂದ ಭಾಗವೆಷ್ಟೆಂಬುದನ್ನು ಬೇರ್ಪಡಿಸಿ ಅವನ ಲೆಕ್ಕಕ್ಕೆ ಬರೆಯುವ ಏರ್ಪಾಡು ಬಂದಿತು. ನ್ಯಾಯವೆನೋ ಸಂದಿತು. ಆದರೆ ಇದು ಇನ್ನೊಂದು ತೊಡಕಿಗೆ ದಾರಿಯಾಯಿತು: ಕುಶಲನಾದವನಿಗೆ ಬಲವನ್ನು ಕೊಟ್ಟವನ ಅಂಕೆಯು ಏರುತ್ತದೆ, ಕಲಿಯುತ್ತಿರುವವನಿಗೆ ಕೊಟ್ಟವನ ಅಂಕೆಯು ಇಳಿಯುತ್ತದೆ, ಅಂದರೆ ಉಪಕಾರಕನ ಯೋಗ್ಯತೆಯು ಉಪಕೃತನ ಕೈಯಲ್ಲಿ ಸಿಕ್ಕಿಕೊಂಡಿತು. ಒಳ್ಳೆಯ ವಿದ್ಯಾರ್ಥಿಗಳ ತರಗತಿ ದೊರೆತ ಉಪಾಧ್ಯಾಯನಿಗೆ ಒಳ್ಳೆಯ ಹೆಸರು ಬರುವಂತೆಯೇ ಇದು.

ಸೋಮಯಾಗದ ಋತ್ವಿಜರಲ್ಲಿ ಬ್ರಹ್ಮನೆಂಬವನಿದ್ದಾನೆ. ಹೋತೃವು ಮಂತ್ರವನ್ನು ಹೇಳುತ್ತಾನೆ, ಅಧ್ವರ್ಯುವು ಕೈಯಾಡಿಸುತ್ತಾನೆ, ಉದ್ಗಾತೃವು ಹಾಡುತ್ತಾನೆ. ಬ್ರಹ್ಮನು ಬಹುತೇಕ ಮೌನವಾಗಿ ಕುಳಿತು ನೋಡುತ್ತಾನೆ, ಲೋಪವು ಬಂದಲ್ಲಿ ಸರಿಪಡಿಸುತ್ತಾನೆ. ಛಾಂದೋಗ್ಯವು ಬಲ್ಲವನಾದ ಬ್ರಹ್ಮನಿಂದ ಯಜ್ಞಕ್ಕೆ ಚಿಕಿತ್ಸೆಯಾಗುವುದೆಂದು ಹೇಳುತ್ತದೆ. ಈಗಿನ ಆಟದ ಮಾತಿನಲ್ಲಿ ಅವನೇ ಹೀಲರು. ಮಾಪಕವನ್ನು ಇಟ್ಟಿದ್ದರೆ ಅವನ ಅಂಕೆಯು ಸೊನ್ನೆಗೆ ಹತ್ತಿರವಾಗಿರುತ್ತಿತ್ತು. ಆದರೂ ದಕ್ಷಿಣೆಯ ವಿಭಾಗದಲ್ಲಿ ಅವನು ಉಳಿದ ಮೂವರು ಮುಖ್ಯರಿಗೆ ಸಮನಾಗಿ ಪೂರ್ಣಭಾಗಕ್ಕೆ ಅರ್ಹನು. ಅರ್ಧ, ತೃತೀಯ, ಚತುರ್ಥ ಭಾಗಗಳು ಅವರವರ ಸಹಾಯಕರಿಗೆ. ಕರ್ಮವನ್ನು ಅಳೆದು ಹಂಚಲು ಹೋಗದೆ, ಕರ್ಮಾರಂಭಕ್ಕೆ ಮೊದಲೇ ಸ್ಥಾನವನ್ನು ನೋಡಿ ಪಾಲನ್ನು ಗೊತ್ತುಮಾಡಿದ ಹಿಂದಿನವರ ಜಾಣತನವು ಮೆಚ್ಚತಕ್ಕದ್ದು.

ಇನ್ನುಳಿದದ್ದು, ಉಪಕಾರದ ಸೆಟ್ಟನ್ನು ಯಾರಿಗೆ ತೊಡಿಸಬೇಕೆಂಬುದು. ಯಾರ ಸ್ವಂತ ಹೊಡೆತವು ಅಲ್ಪವೋ ಅವನು ಅದನ್ನು ಬಿಟ್ಟರೆ ನಷ್ಟವೂ ಅಲ್ಪವಾದುದರಿಂದ, ದುರ್ಬಲನಿಗೇ ತೊಡಿಸಬೇಕೆಂದು ಕೆಲವು ನಾಯಕರು ಹೇಳುತ್ತಾರೆ. ಲೆಕ್ಕಕ್ಕೆ ಇದು ಒಪ್ಪುವಂತೆ ಕಾಣುತ್ತದೆ. ಆದರೆ ಮಹಾಶಕ್ತಿಯನ್ನು ಯಾವ ಕ್ಷಣದಲ್ಲಿ ಬಿಟ್ಟರೆ ಎಂಟು ಮಂದಿಯ ಹೊಡೆತವೂ ಒಮ್ಮೆಗೇ ಫಲಿಸುವುದೆಂಬುದನ್ನು ತಿಳಿಯಲು ಯುದ್ಧದ ಕ್ರಮವೆಲ್ಲ ಕರತಲಾಮಲಕವಾಗಿರಬೇಕು. ಅದು ದುರ್ಬಲನಿಂದ ಆಗತಕ್ಕದ್ದಲ್ಲ. ಮೇಲಾಗಿ ದುರ್ಬಲನನ್ನು ಸದಾ ಅದೇ ಉಡುಪಿನಲ್ಲಿಟ್ಟರೆ ಅವನು ಹೊಡೆಯುವುದನ್ನು ಕಲಿಯುವುದು ಯಾವಾಗ? ತಂಡವು ಚದರಿದ ಮೇಲೆ ಅವನು ಒಂಟಿಯಾಗಿ ಹೊರಟಾಗ, ಇತರರಿಗೆ ಬಲವನ್ನು ಕೊಡುವ ಆ ಐದು ವಸ್ತುಗಳು ಅವನ ಮೈಮೇಲೆ ಬರಿಯ ಭಾರ. ಇನ್ನು ಮನಸ್ಸಿಲ್ಲದವನಿಗೆ ಒತ್ತಾಯದಿಂದ ತೊಡಿಸಿದರೆ ಆಗುವುದು ಶಲ್ಯಸಾರಥ್ಯ: ಕುದುರೆಗಳನ್ನೇನೋ ಅವನು ಚೆನ್ನಾಗಿಯೇ ನಡೆಯಿಸಿದನು, ಕರ್ಣನ ಎದೆಯನ್ನು ಮಾತ್ರ ಮಾತಿನಿಂದ ಕೊರೆದನು.

ಐದು ತನಗೆ, ಐದು ತಂಡಕ್ಕೆ ಎಂದು ಸನ್ನಾಹವನ್ನು ಪಾಲಿಡುವ ಮಧ್ಯಮ ಮಾರ್ಗವು ಎಂಟು ಮಂದಿಯಲ್ಲಿ ಒಬ್ಬಿಬ್ಬರಿಗೆ ಸಾಕು. ಎಂಟು ಮಂದಿಯೂ ಹಾಗೆ ಮಾಡಿದರೆ ಬಲವನ್ನು ಕೊಡುವವರೇ ಎಲ್ಲರೂ ಆಗಿ ಅದನ್ನು ಪ್ರಯೋಗಿಸುವವರು ಉಳಿಯರು. ಆ ಒಬ್ಬಿಬ್ಬರು ಪ್ರತಿ ವಾರವೂ ಅವರೇ ಆಗಬೇಕೆಂಬ ನಿಯಮವೇನೂ ಇಲ್ಲ. ನಾಯಕನಾದವನು ಹೊರಡುವುದಕ್ಕೆ ಮೊದಲು ಈ ಸಲದ ಸರದಿ ಯಾರದೆಂದು ಎಲ್ಲರ ಕಿವಿಗೂ ಬೀಳುವಂತೆ ಹೆಸರನ್ನು ಹೇಳಬೇಕು. ಪಟ್ಟಿಯ ಕೊನೆಯಲ್ಲಿ ಅದೇ ಹೆಸರು ಕಂಡಾಗ ಅದೇಕೆ ಅಲ್ಲಿದೆಯೆಂಬುದು ಆಗ ಹನ್ನೆರಡು ಮಂದಿಗೂ ತಿಳಿದಿರುತ್ತದೆ.