ಒಂದು ಕೈಗೆ 60 ಪರ್ಸೆಂಟ್

ಹುಬ್ಬಳ್ಳಿ-ಗುಂತಕಲ್ ಲೈನಿನಲ್ಲಿ ಗದಗ ದಾಟಿ ಕೊಪ್ಪಳ ಬರೋದಕ್ಕೆ ಮೊದಲು ತಳಕಲ್ ಸಿಗುತ್ತದೆ. ವಾಡಿ ಕಡೆಗಿನ ಹೊಸ ಮಾರ್ಗ ಕವಲೊಡೆಯೋದು ಇಲ್ಲೇ. ನಮ್ಮಂಥವರು ನಿದ್ದೆಗಣ್ಣಲ್ಲಿ ದಾಟಿಬಿಡುವ ಸ್ಟೇಷನ್ನು. ಆ ಹೊತ್ತಿಗಾಗಲೇ ಹೆಗಲ ಮೇಲೆ ಸುತ್ತಿಗೆ ಹೊತ್ತ ಕೀಮ್ಯಾನ್ ಹಳಿಗುಂಟ ನಡೆದು ಹೋಗ್ತಿರ್ತಾನೆ.

ಅವನಿಗೆ 40 ವರ್ಷ ಅಂದುಕೊಳ್ಳಿ. ಕೆಲಸದಲ್ಲಿದ್ದಾಗಲೇ ಒಂದು ಕೈ ಹೋಯಿತು ಅಂತಲೂ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1923ರ ಪರಿಹಾರ ಕಾಯ್ದೆಗೆ ಒಂದು ಅನುಸೂಚಿ ಇತ್ತು. ಹೆಬ್ಬೆರಳಿಗೆ 30 ಪರ್ಸೆಂಟ್, ಒಂದು ಕಣ್ಣಿಗೆ 40, ಕೈಗೆ 60. (ಓದಿದರೆ ಕಟುಕರ ಅಂಗಡಿಯ ರೇಟ್ ಬೋರ್ಡ್ ನೆನಪಾಗುತ್ತೆ, ಕ್ಷಮಿಸಿ.) ಸಂಬಳ ಎಷ್ಟೇ ಇರಲಿ, 2020ರ ಜನವರಿಯಿಂದ ಆ ಕಾಯ್ದೆಯಡಿ ಲೆಕ್ಕಕ್ಕೆ ಹಿಡಿಯುತ್ತಿದ್ದುದು ತಿಂಗಳಿಗೆ ಹೆಚ್ಚೆಂದರೆ 15,000. ಅದರ 60 ಪರ್ಸೆಂಟನ್ನು 40ರ ವಯಸ್ಸಿನ ಗುಣಕ 184.17ರಿಂದ ಗುಣಿಸಿ, ಅದರಲ್ಲಿ ಮತ್ತೆ 60 ಪರ್ಸೆಂಟ್ ತೆಗೆದರೆ 9,94,518 ರೂಪಾಯಿ. ಒಂದೇ ಗಂಟು.

ಇನ್ನೊಂದು ದಾರಿ, ಅಶಕ್ತತೆಯ ಪಿಂಚಣಿ. ವೈದ್ಯರ ಮಂಡಳಿ ಇವನು ಕೆಲಸಕ್ಕೆ ಬಾರ ಅಂತ ಬರೆದುಕೊಡಬೇಕು. ಆಮೇಲೆ ತಿಂಗಳು ತಿಂಗಳು ದುಡ್ಡು.

ಪರಿಹಾರ ಕೇಳೋದು "ಏನು ಕಳಕೊಂಡೆ?" ಅಂತ. ಪಿಂಚಣಿ ಕೇಳೋದು "ಏನು ಆಗೋದಿಲ್ಲ?" ಅಂತ. ಮೊದಲನೆಯದಕ್ಕೆ ಉತ್ತರ ಕೊಟ್ಟವನು ನೌಕರನಾಗಿಯೇ ಉಳಿಯಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದವರನ್ನು ಸರ್ಕಾರ ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ. ಹಳೆ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಕೆಲಸ. ಅದೂ ಇಲ್ಲದಿದ್ದರೆ ಅವನಿಗಾಗಿಯೇ ಒಂದು ಹೆಚ್ಚುವರಿ ಹುದ್ದೆ.

ಹಾಗಾದರೆ ಯೋಚನೆ ಏನಿದೆ, ಉಳಿದುಕೊಂಡರಾಯಿತಲ್ಲ ಅಂತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಕೇಂದ್ರದ ನೌಕರ ವೈದ್ಯಕೀಯ ಕಾರಣಕ್ಕೆ ನಿವೃತ್ತನಾದರೆ ಮನೆಯ ಒಬ್ಬರು ಅನುಕಂಪದ ನೌಕರಿ ಕೇಳಬಹುದು. ಸಿಕ್ಕೇ ಸಿಗುತ್ತೆ ಅಂತಲ್ಲ. ಆದರೂ ಮನೆಯಲ್ಲಿ ಡಿಗ್ರಿ ಮುಗಿಸಿ ಕೂತ ಮಗ ಇದ್ದರೆ ಮಾತು ಶುರುವಾಗುತ್ತೆ. "ನೀ ಬಿಟ್ರ ಹುಡುಗನ ಜಲ್ಮಾ ಒಂದು ದಂಡೀಗಿ ಹತ್ತತೈತಿ." ಯಾರೂ ಒತ್ತಾಯ ಮಾಡಿಲ್ಲ ನೋಡಿ. ಪ್ರೀತಿಯಿಂದಲೇ ಹೇಳಿದ್ದು. ಅವನೂ ಪ್ರೀತಿಯಿಂದಲೇ ಸಹಿ ಹಾಕ್ತಾನೆ. 40ಕ್ಕೇ ತಾನು ಅಶಕ್ತ ಅಂತ ಸ್ವಂತ ಕೈಯಲ್ಲಿ, ಉಳಿದ ಒಂದೇ ಕೈಯಲ್ಲಿ.

ಇದು ಅವನ ಆಯ್ಕೆಯಾ? ನನ್ನ ಪ್ರಕಾರ ಅರ್ಧ ಮಾತ್ರ. ಮಗನಿಗೆ ಬೇರೆ ಕೆಲಸ ಸಿಗುವ ಊರಾಗಿದ್ದರೆ ಅಪ್ಪ ಕುರ್ಚಿ ಬಿಡುತ್ತಿರಲಿಲ್ಲ. ಹಾಗಂತ ಅವನು ತಪ್ಪು ಮಾಡಿದ ಅನ್ನೋಕೂ ಬಾಯಿ ಬರಲ್ಲ. ಎಸಿ ಆಫೀಸಿನಲ್ಲಿ ಕೂತು, ಕಂಪನಿಯ ಇನ್ಶೂರೆನ್ಸ್ ಫಾರ್ಮನ್ನು ಓದದೇ ಒತ್ತುವ ನನಗೆ ಆತ್ಮಗೌರವದ ಪಾಠ ಹೇಳೋದು ಸುಲಭ.

2004ರ ನಂತರ ಕೇಂದ್ರದ ನೌಕರಿಗೆ ಸೇರಿ ಎನ್‌ಪಿಎಸ್‌ಗೆ ಬಂದವರಿಗೆ ಇನ್ನೊಂದು ಫಾರ್ಮ್ ಇದೆ. ಸತ್ತರೆ ಅಥವಾ ಅಂಗವಿಕಲನಾಗಿ ಹೊರಬಿದ್ದರೆ ಹಳೆ ಪದ್ಧತಿಯ ಪಿಂಚಣಿ ಬೇಕೋ, ಎನ್‌ಪಿಎಸ್ ಖಾತೆಯ ದುಡ್ಡು ಬೇಕೋ ಅಂತ ಸೇರುವಾಗಲೇ ಬರೆದುಕೊಡಬೇಕು. ಕಳೆದ ವರ್ಷ ಚಿಕ್ಕಪ್ಪನ ಮಗ ಅದರ ಫೋಟೋ ಕಳಿಸಿದ್ದ.

"ಅಣ್ಣಾ, ಯಾವುದಕ್ಕ ಟಿಕ್ ಹಾಕ್ಲಿ?"

ಪಿಂಚಣಿಗೆ ಹಾಕು ಅಂದೆ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ, "ಇದನ್ನ ಅವ್ವಗ ತೋರಸ್ಲ್ಯಾ ಬ್ಯಾಡಾ?"