ಆ ವಯಸ್ಸು

45 ದಾಟಿದ ಹೆಂಗಸು ಸ್ವಲ್ಪ ದನಿಯೆತ್ತಿದರೆ ಸಾಕು, ‘ಪಾಪ, ಅವರಿಗೀಗ ಆ ವಯಸ್ಸು’ ಎಂದುಬಿಡುತ್ತಾರೆ. ಕನಿಕರದ ಮಾತೇ ಅದು. ಆದರೂ ಕೇಳಿಸಿಕೊಂಡವಳಿಗೆ ಏನನ್ನೋ ಕಸಿದುಕೊಂಡ ಹಾಗಾಗುತ್ತದೆ.

ದೇಹದ ಮಾತು ಸುಳ್ಳಲ್ಲ. ಮುಟ್ಟು ಥಟ್ಟನೆ ನಿಲ್ಲುವುದು ಅಪರೂಪ. ಕೆಲವು ವರ್ಷ ಮೊದಲೇ ಈಸ್ಟ್ರೋಜನ್ ಹಾರ್ಮೋನು ಏರುಪೇರಾಗತೊಡಗಿ ತಿಂಗಳ ಲೆಕ್ಕ ತಪ್ಪುತ್ತದೆ. ಇದ್ದಕ್ಕಿದ್ದಂತೆ ಎದೆಯಿಂದ ಮುಖಕ್ಕೆ ಬಿಸಿಯೇರಿ ಬೆವರು ಹರಿಯುತ್ತದೆ. ನಡುರಾತ್ರಿ ಎಚ್ಚರವಾದರೆ ಹಾಲಿನವನು ಬರುವ ತನಕ ಕಣ್ಣು ಮುಚ್ಚುವುದಿಲ್ಲ. ಸತತವಾಗಿ 12 ತಿಂಗಳು ಮುಟ್ಟಾಗದಿದ್ದರೆ ನಿಂತಿತು ಎಂದು ವೈದ್ಯರು ಲೆಕ್ಕ ಹಿಡಿಯುತ್ತಾರೆ. ಪಶ್ಚಿಮದ ದೇಶಗಳಲ್ಲಿ ಇದು ಸರಾಸರಿ 51ರ ಸುಮಾರಿಗೆ, ನಮ್ಮಲ್ಲಿ 46-47ಕ್ಕೇ. ಮಕ್ಕಳ ಪರೀಕ್ಷೆ, ಅತ್ತೆ ಮಾವಂದಿರ ಕಾಯಿಲೆ, ಮಗಳ ಮದುವೆ ಎಲ್ಲವೂ ಒಟ್ಟಿಗೆ ಬಂದು ನಿಲ್ಲುವ ಕಾಲ. ನಿದ್ದೆಗೆಟ್ಟವಳಿಗೆ ಸಿಟ್ಟು ಬೇಗ ಬರುವುದು ಸಹಜ.

ಹಾಗಾದರೆ ಆ ಸಿಟ್ಟು ಅವಳದೋ, ಹಾರ್ಮೋನಿನದೋ?

ಜ್ವರ ಬಂದ ಮಗು ನೀರು ಕೇಳಿದರೆ, ಅದು ಜ್ವರ ಆಡಿಸುವ ಮಾತು ಎಂದು ಸುಮ್ಮನಿರುತ್ತೇವೆಯೆ? ದನಿ ಏಕೆ ಏರಿತು ಎಂಬುದು ಒಂದು ಪ್ರಶ್ನೆ, ಹೇಳಿದ ಮಾತು ನಿಜವೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಕ್ಕಿತೆಂದು ಎರಡನೆಯದನ್ನು ಕೈಬಿಡುವುದು ಅನ್ಯಾಯ. 25 ವರ್ಷ ಎಲ್ಲರಿಗೂ ಬಡಿಸಿ ಕೊನೆಗೆ ಉಂಡವಳು ಒಂದು ದಿನ ‘ನನಗೆ ಹುಳಿ ಎಲ್ಲಿ ಉಳಿಯಿತು?’ ಎಂದರೆ, ಪಾತ್ರೆ ಖಾಲಿಯಾದದ್ದು ಹಾರ್ಮೋನಿನಿಂದಲ್ಲ. ಅಷ್ಟು ವರ್ಷ ತಡೆದುಕೊಂಡಿದ್ದ ಶಕ್ತಿ ಸಡಿಲವಾಯಿತು, ಅಷ್ಟೆ. ಶಾಲೆಯೊಂದರ ಸಭೆಯಲ್ಲಿ ಹಿರಿಯ ಶಿಕ್ಷಕಿಯೊಬ್ಬರು ಹುಡುಗಿಯರ ಶೌಚಾಲಯಕ್ಕೆ ನೀರಿಲ್ಲವೆಂದು ಸಿಡುಕಿದರು. ಹಿಂದಿನ ಸಾಲಿನಲ್ಲಿ ಯಾರೋ ‘ಆ ವಯಸ್ಸು’ ಎಂದು ಪಿಸುಗುಟ್ಟಿದರು, ಎಲ್ಲರೂ ನಕ್ಕರು. ನಲ್ಲಿಯಲ್ಲಿ ನೀರು ಮಾತ್ರ ಬರಲಿಲ್ಲ. ರಕ್ತದೊತ್ತಡವಿರುವ ಗಂಡಸು ಕೂಗಾಡಿದರೆ ‘ಏನಾಯಿತು?’ ಎಂದು ಕೇಳುತ್ತೇವಲ್ಲ!

ಇದಕ್ಕೆ ನಾವೂ ಬೆಲೆ ತೆರಬೇಕು. ನ್ಯಾಯದ ಮಾತು ನನ್ನದು ಎನ್ನುವವಳು ಅನ್ಯಾಯದ ಮಾತನ್ನೂ ನನ್ನದೇ ಎನ್ನಬೇಕು. ಸೊಸೆಯ ಮೇಲೆ, ಮನೆಗೆಲಸದವಳ ಮೇಲೆ ಹರಿಹಾಯಲು ವಯಸ್ಸನ್ನು ರಹದಾರಿ ಮಾಡಿಕೊಳ್ಳುವಂತಿಲ್ಲ. ದೇಹ ದಣಿದಿದ್ದರೆ ಹಾಗೆಂದು ಮನೆಯವರಿಗೆ ಬಾಯಿಬಿಟ್ಟು ಹೇಳುವುದು ಮೇಲು.

ನಮ್ಮ ದೇಹದ ಕೂಗಿಗೂ ನಾವು ಹೀಗೇ ಕಿವಿ ಮುಚ್ಚುತ್ತೇವೆ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ, ನಿಲ್ಲುವ ಮೊದಲೇ ಸ್ರಾವ ವಿಪರೀತವಾದರೂ, ‘ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ’ ಎಂದು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತೇವೆ. ಅದು ಗರ್ಭಕೋಶದ ಕ್ಯಾನ್ಸರಿನ ಸೂಚನೆಯೂ ಆಗಿರಬಹುದು. ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಹೌದು, ವಯಸ್ಸಾಗಿದೆ. ಇನ್ನು ನಾನು ಕೇಳಿದ್ದಕ್ಕೆ ಉತ್ತರ ಕೊಡಿ ಎನ್ನಲು ನಾವು ಕಲಿಯಬೇಕಾಗಿದೆ.